ಊಟದ ಮೇಜಿನಿಂದ ಮಾತ್ರೆಯವರೆಗೆ: ಕ್ಯಾನ್ಸರ್ ಔಷಧ ರೋಗಿಯನ್ನು ತಲುಪುವ ದಾರಿ

1972ರ ಸುಮಾರು. ಶಿಕಾಗೋದ ಒಂದು ಮನೆಯ ಊಟದ ಮೇಜಿನ ತುಂಬಾ ಫೋಟೋಗಳು. ಜ್ಯಾನೆಟ್ ರೌಲಿ ಎಂಬ ವೈದ್ಯೆ ಕತ್ತರಿ ಹಿಡಿದು, ಫೋಟೋದೊಳಗಿನ ಹುಳದಂಥ ಸಣ್ಣ ಆಕಾರಗಳನ್ನು ಒಂದೊಂದಾಗಿ ಕತ್ತರಿಸಿ, ಜೋಡಿ ಮಾಡಿ ಸಾಲಾಗಿ ಇಡುತ್ತಿದ್ದರು. ಅಮ್ಮ ಕಾಗದದ ಗೊಂಬೆ ಆಡುತ್ತಿದ್ದಾರೆ ಅಂತ ಮಕ್ಕಳು ರೇಗಿಸುತ್ತಿದ್ದರಂತೆ.

ಆ ಹುಳದಂಥ ಆಕಾರಗಳೇ ಕ್ರೋಮೋಸೋಮುಗಳು. ನಮ್ಮ ಜೀವಕೋಶಗಳೊಳಗೆ ಜೀನ್‌ಗಳನ್ನು ಹೊತ್ತುಕೊಂಡಿರುವ ಎಳೆಗಳು. ಒಟ್ಟು 23 ಜೋಡಿ. ರೌಲಿ ಜೋಡಿಸುತ್ತಿದ್ದದ್ದು ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್ ಬಂದವರ ಕ್ರೋಮೋಸೋಮುಗಳನ್ನು. ಈ ಕಾಯಿಲೆಯಲ್ಲಿ ಬಿಳಿ ರಕ್ತಕಣಗಳು ಹದ್ದು ಮೀರಿ ಬೆಳೆಯುತ್ತವೆ. ಆ ರೋಗಿಗಳಲ್ಲಿ ಒಂದು ಕ್ರೋಮೋಸೋಮ್ ಇರಬೇಕಾದ್ದಕ್ಕಿಂತ ಗಿಡ್ಡ ಇರುತ್ತದೆ ಅನ್ನೋದು ಆಗಲೇ ಗೊತ್ತಿತ್ತು. 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಅದನ್ನು ಕಂಡಿದ್ದರು. ನೊವೆಲ್ ಜೀವಕೋಶಗಳನ್ನು ನಲ್ಲಿ ನೀರಿನಲ್ಲಿ ತೊಳೆದಿದ್ದರು. ನೀರು ಹೀರಿ ಕೋಶಗಳು ಊದಿಕೊಂಡವು, ಒಳಗಿನ ಎಳೆಗಳು ಬಿಡಿಬಿಡಿಯಾಗಿ ಹರಡಿಕೊಂಡವು. ಹಾಗಾಗಿ ಅವು ಕಣ್ಣಿಗೆ ಬಿದ್ದವು.

ಆದರೆ ಆ ಗಿಡ್ಡ ಕ್ರೋಮೋಸೋಮಿನ ಉಳಿದ ತುಂಡು ಎಲ್ಲಿ ಹೋಯಿತು? ಅದಕ್ಕೆ ಉತ್ತರ ಸಿಕ್ಕಿದ್ದು ರೌಲಿಯವರ ಮೇಜಿನ ಮೇಲೆ. ತುಂಡು ಕಳೆದುಹೋಗಿರಲಿಲ್ಲ. 22ನೇ ಕ್ರೋಮೋಸೋಮಿನ ಚೂರು 9ನೆಯದರ ತುದಿಗೆ ಹೋಗಿ ಅಂಟಿಕೊಂಡಿತ್ತು, 9ರ ಚೂರು 22ಕ್ಕೆ ಬಂದಿತ್ತು. ಅದಲು ಬದಲು. 1973ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಇದರಿಂದ ರೋಗಿಗೆ ಆಗ ಏನು ಸಿಕ್ಕಿತು? ಏನೂ ಇಲ್ಲ. ಸಂಶೋಧನೆಯ ಬಗ್ಗೆ ಮಾತಾಡುವಾಗ ಇದನ್ನು ಮೊದಲೇ ಹೇಳಿಬಿಡಬೇಕು ಅಂತ ನನಗೆ ಅನ್ನಿಸುತ್ತದೆ. ರೌಲಿ ಆಗ ಔಷಧ ಹುಡುಕುತ್ತಿರಲಿಲ್ಲ. ಇದು ಹೀಗೇಕೆ ಅಂತ ಕೇಳುತ್ತಿದ್ದರು, ಅಷ್ಟೇ. 1980ರ ದಶಕದಲ್ಲಿ ಬೇರೆಯವರು ಮುಂದಿನ ಪ್ರಶ್ನೆ ಕೇಳಿದರು. ಎರಡು ಬೇರೆ ಬೇರೆ ಕ್ರೋಮೋಸೋಮಿನ ಜೀನ್‌ಗಳು ಅಕ್ಕಪಕ್ಕ ಬಂದು ಬೆಸೆದುಕೊಂಡಾಗ ಏನಾಗುತ್ತದೆ? ಒಂದು ಹೊಸ ಪ್ರೊಟೀನ್ ಹುಟ್ಟುತ್ತದೆ. ಅದರ ಹೆಸರು ಬಿಸಿಆರ್-ಎಬಿಎಲ್. ಅದು ಕೆಟ್ಟುಹೋದ ಸ್ವಿಚ್ಚಿನ ಹಾಗೆ, ಒಮ್ಮೆ ಹತ್ತಿದರೆ ಆರೋದಿಲ್ಲ. "ಬೆಳೆ, ಎರಡಾಗು" ಅಂತ ಕೋಶಕ್ಕೆ ಹೇಳುತ್ತಲೇ ಇರುತ್ತದೆ.

ಸ್ವಿಚ್ ಗೊತ್ತಾದ ಮೇಲೆ ಅದನ್ನು ಆರಿಸುವ ವಸ್ತು ಹುಡುಕಬಹುದು. ಒಂದು ಔಷಧ ಕಂಪನಿಯಲ್ಲಿ ನಿಕೊಲಸ್ ಲೈಡನ್ ಮತ್ತು ಜೊತೆಯವರು ಅಂಥ ವಸ್ತುಗಳನ್ನು ತಯಾರಿಸಿದರು. ವೈದ್ಯ ಬ್ರಯಾನ್ ಡ್ರೂಕರ್ ಅವನ್ನು ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ನೋಡಿದರು. ಇದು ಆಗದ ಕೆಲಸ ಅಂದವರೇ ಆಗ ಹೆಚ್ಚು. ಇದೇ ಜಾತಿಯ ಪ್ರೊಟೀನುಗಳು ಮೈಯಲ್ಲಿ ನೂರಾರಿವೆ. ಒಂದನ್ನು ಆರಿಸಲು ಹೋಗಿ ಎಲ್ಲವನ್ನೂ ಆರಿಸಿಬಿಟ್ಟರೆ ಮನುಷ್ಯ ಉಳಿಯುತ್ತಾನಾ? ಆದರೆ ಗಾಜಿನ ತಟ್ಟೆಯಲ್ಲಿ ಒಂದು ವಸ್ತು ಆಯ್ದು ಹೊಡೆಯಿತು. ಕ್ಯಾನ್ಸರ್ ಕೋಶಗಳ ಗುಂಪುಗಳು 92ರಿಂದ 98 ಪರ್ಸೆಂಟ್ ಇಳಿದವು, ಸಾಮಾನ್ಯ ಕೋಶಗಳು ಹೆಚ್ಚುಕಮ್ಮಿ ಹಾಗೇ ಉಳಿದವು. ಈ ಫಲಿತಾಂಶ ಪ್ರಕಟವಾದದ್ದು 1996ರಲ್ಲಿ. ಆ ವಸ್ತುವೇ ಇವತ್ತಿನ ಇಮಾಟಿನಿಬ್.

ಗಾಜಿನ ತಟ್ಟೆಯಲ್ಲಿ ಗೆದ್ದರೆ ಸಾಲದು

"ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ವಸ್ತು ಪತ್ತೆ" ಅಂತ ಸುದ್ದಿ ಬಂದಾಗೆಲ್ಲ ಮನಸ್ಸು ಹಿಗ್ಗುತ್ತದೆ. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದ್ದರಂತೂ ಆ ಸುದ್ದಿ ಫೋನಿಂದ ಫೋನಿಗೆ ಓಡಾಡುತ್ತದೆ. ಆಸೆ ತಪ್ಪಲ್ಲ. ಆದರೆ ತಟ್ಟೆಯಲ್ಲಿರುವ ಕ್ಯಾನ್ಸರ್ ಕೋಶಗಳನ್ನು ಬ್ಲೀಚ್ ಸುರಿದೂ ಕೊಲ್ಲಬಹುದು, ಅಲ್ವಾ? ಪಕ್ಕದ ಒಳ್ಳೆಯ ಕೋಶವನ್ನು ಬಿಟ್ಟು ಅದನ್ನು ಮಾತ್ರ ಕೊಲ್ಲುವುದು, ಅದೂ ಉಸಿರಾಡುವ, ಊಟ ಮಾಡುವ ಮನುಷ್ಯನ ಮೈಯೊಳಗೆ, ಕಷ್ಟದ ಮಾತು.

ಹಾಗಾಗಿ ತಟ್ಟೆಯಿಂದ ಪ್ರಾಣಿಗಳಿಗೆ ಹೋಗುತ್ತಾರೆ. ಇಲಿಯಲ್ಲಿ ಗಡ್ಡೆ ಬೆಳೆಸಿ, ಔಷಧ ಕೊಟ್ಟು ನೋಡುತ್ತಾರೆ. ಯಾವ ಡೋಸಿಗೆ ಯಾವ ಅಂಗ ಕೆಡುತ್ತದೆ ಅಂತ ಸಾಮಾನ್ಯವಾಗಿ ಎರಡು ಜಾತಿಯ ಪ್ರಾಣಿಗಳಲ್ಲಿ ಪರೀಕ್ಷಿಸುತ್ತಾರೆ. ಹೆಚ್ಚಿನವು ಇಲ್ಲೇ ಬಿದ್ದುಹೋಗುತ್ತವೆ. ಇಲಿಯಲ್ಲಿ ಗಡ್ಡೆ ಕರಗಿಸಿ ಮನುಷ್ಯರಲ್ಲಿ ಏನೂ ಮಾಡದ ಔಷಧಗಳಿಗೆ ಲೆಕ್ಕವಿಲ್ಲ. ಇಲ್ಲಿ ಗೆದ್ದು ಮನುಷ್ಯರ ಮೇಲಿನ ಮೊದಲ ಪರೀಕ್ಷೆಗೆ ಬಂದ ಕ್ಯಾನ್ಸರ್ ಔಷಧಗಳಲ್ಲೂ ಕೊನೆಗೆ ಅನುಮತಿ ಪಡೆಯುವುದು ನೂರರಲ್ಲಿ ಹತ್ತಕ್ಕಿಂತ ಕಡಿಮೆ.

ಸಮಯವೂ ಹಾಗೇ. ಪ್ಯಾಕ್ಲಿಟ್ಯಾಕ್ಸೆಲ್ ಹೆಸರನ್ನು ಕೀಮೋ ತೆಗೆದುಕೊಂಡ ಅನೇಕರು ಕೇಳಿರುತ್ತಾರೆ. ಅದರ ಮೂಲ ಅಮೆರಿಕದ ಪಶ್ಚಿಮ ಕರಾವಳಿಯ ಯೂ ಎಂಬ ಮರದ ತೊಗಟೆ. ತೊಗಟೆ ಕಿತ್ತು ತಂದದ್ದು 1962ರಲ್ಲಿ. ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಅದರೊಳಗಿನ ವಸ್ತುವಿನ ರಚನೆ ಬಿಡಿಸಿಟ್ಟದ್ದು 1971ರಲ್ಲಿ. ಅದು ಕೋಶದೊಳಗೆ ಏನು ಮಾಡುತ್ತದೆ ಅಂತ ಸೂಸನ್ ಹಾರ್ವಿಟ್ಜ್ ತೋರಿಸಿದ್ದು 1979ರಲ್ಲಿ. ಅಂಡಾಶಯದ ಕ್ಯಾನ್ಸರಿಗೆ ಅನುಮತಿ ಸಿಕ್ಕಿದ್ದು 1992ರಲ್ಲಿ. ತೊಗಟೆಯಿಂದ ಸಲೈನ್ ಬಾಟಲಿಗೆ ಬರಲು 30 ವರ್ಷ.

ಮೊದಲ ಮೂರು ಜನ

ಮನುಷ್ಯರ ಮೇಲೆ ಮೊದಲ ಬಾರಿ ಪರೀಕ್ಷಿಸುವುದಕ್ಕೆ ಒಂದನೇ ಹಂತದ ಟ್ರಯಲ್ ಅನ್ನುತ್ತಾರೆ. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಜನರಿಗೆ ಜಾಸ್ತಿ ಭಯ ಇರುವುದೂ ಇದರ ಬಗ್ಗೆಯೇ.

ಬೇರೆ ಕಾಯಿಲೆಗಳ ಔಷಧವನ್ನು ಮೊದಲು ಆರೋಗ್ಯವಂತರಿಗೆ ಕೊಡುವುದುಂಟು. ಕ್ಯಾನ್ಸರ್ ಔಷಧಗಳನ್ನು ಸಾಮಾನ್ಯವಾಗಿ ಹಾಗೆ ಕೊಡುವುದಿಲ್ಲ, ಅವುಗಳ ಹೊಡೆತ ಅಂಥದ್ದು. ಇರುವ ಚಿಕಿತ್ಸೆಗಳು ಕೈಕೊಟ್ಟ ರೋಗಿಗಳೇ ಇಲ್ಲಿಗೆ ಬರುತ್ತಾರೆ. ಡೋಸನ್ನು ತೀರಾ ಕಡಿಮೆಯಿಂದ ಶುರು ಮಾಡುತ್ತಾರೆ. ಹಳೆಯ, ಇವತ್ತಿಗೂ ಬಳಕೆಯಲ್ಲಿರುವ ಒಂದು ಕ್ರಮ ಹೀಗಿದೆ. ಮೊದಲ ಡೋಸನ್ನು ಮೂರು ಜನಕ್ಕೆ ಕೊಡುತ್ತಾರೆ. ಆಮೇಲೆ ಕಾಯುತ್ತಾರೆ, ಸಾಮಾನ್ಯವಾಗಿ ಮೂರು ನಾಲ್ಕು ವಾರ. ರಕ್ತ ತೆಗೆದು ಯಕೃತ್ತು, ಮೂತ್ರಪಿಂಡ, ರಕ್ತಕಣಗಳ ಲೆಕ್ಕ ನೋಡುತ್ತಾರೆ. ವಾಂತಿ, ಜ್ವರ, ಸುಸ್ತು, ಕೈಕಾಲು ಜೋಮು, ಎಲ್ಲವನ್ನೂ 1ರಿಂದ 5ರ ಅಳತೆಯಲ್ಲಿ ಬರೆದಿಡುತ್ತಾರೆ. 1 ಅಂದರೆ ಸುಮ್ನೆ ಗಮನಕ್ಕೆ ಬಂದಷ್ಟು. 5 ಅಂದರೆ ಸಾವು.

ಮೂವರಲ್ಲಿ ಯಾರಿಗೂ ತೀವ್ರ ತೊಂದರೆ ಆಗದಿದ್ದರೆ ಮುಂದಿನ ಮೂವರಿಗೆ ಸ್ವಲ್ಪ ಹೆಚ್ಚಿನ ಡೋಸ್. ಒಬ್ಬರಿಗೆ ಆದರೆ ಅದೇ ಡೋಸಿನಲ್ಲಿ ಇನ್ನೂ ಮೂವರನ್ನು ನೋಡುತ್ತಾರೆ. ಇಬ್ಬರಿಗೆ ಆದರೆ ಅಲ್ಲಿಗೆ ನಿಲ್ಲಿಸಿ, ಒಂದು ಮೆಟ್ಟಿಲು ಕೆಳಗಿಳಿಯುತ್ತಾರೆ. ಕತ್ತಲಲ್ಲಿ ಕಾಲಿಟ್ಟು ನೆಲ ಇದೆಯಾ ಅಂತ ನೋಡಿಕೊಂಡು ಇನ್ನೊಂದು ಹೆಜ್ಜೆ ಇಡುವ ಹಾಗೆ.

ಇಮಾಟಿನಿಬ್ ಟ್ರಯಲ್ 1998ರ ಜೂನ್‌ನಲ್ಲಿ ಶುರುವಾಯಿತು. ಆಗಿನ ಚಿಕಿತ್ಸೆಯಾದ ಇಂಟರ್‌ಫೆರಾನ್ ಫಲ ಕೊಡದ 83 ರೋಗಿಗಳು. 25 ಮಿಲಿಗ್ರಾಂನಿಂದ 1000 ಮಿಲಿಗ್ರಾಂವರೆಗೆ 14 ಮೆಟ್ಟಿಲು. ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಂಡ 54 ಜನರಲ್ಲಿ 53 ಜನರ ರಕ್ತಕಣಗಳ ಲೆಕ್ಕ ಸಾಮಾನ್ಯ ಸ್ಥಿತಿಗೆ ಬಂತು. ಒಂದನೇ ಹಂತದಲ್ಲಿ ಇಂಥ ಫಲಿತಾಂಶ ಬರುವುದು ಅಪರೂಪದಲ್ಲಿ ಅಪರೂಪ. ಸುದ್ದಿ ಹರಡಿತು. ಇಂಟರ್ನೆಟ್ಟಿನಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡ ರೋಗಿಗಳು, ಔಷಧ ಬೇಗ, ಜಾಸ್ತಿ ತಯಾರಿಸಿ ಅಂತ ಸಹಿ ಸಂಗ್ರಹಿಸಿ ಕಂಪನಿಗೆ ಕಳಿಸಿದರು.

ನಾನು ಮಾತ್ರ 25 ಮಿಲಿಗ್ರಾಂ ತೆಗೆದುಕೊಂಡ ಮೊದಲಿಗರ ಬಗ್ಗೆ ಯೋಚಿಸುತ್ತೇನೆ. ಅವರಿಗೆ ಸಿಕ್ಕಿದ್ದು ಮುಂದೆ ಕೆಲಸ ಮಾಡಿದ ಡೋಸಿನ ಹನ್ನೆರಡರಲ್ಲಿ ಒಂದು ಪಾಲು. ಅದು ತಮಗೆ ಸಾಲದೇ ಹೋಗಬಹುದು ಅನ್ನೋ ಸ್ಥಿತಿಯಲ್ಲೇ ಅವರು ಮಾತ್ರೆ ನುಂಗಿದರು. ಒಂದನೇ ಹಂತದ ಟ್ರಯಲ್ ಬಗ್ಗೆ ರೋಗಿಗೆ ವಿವರಿಸುವಾಗ ಈ ಮಾತನ್ನು ಮುಚ್ಚಿಡಬಾರದು. ಇದು ಮುಖ್ಯವಾಗಿ ಡೋಸ್ ಹುಡುಕುವ ಟ್ರಯಲ್. ವಾಸಿಯಾಗುವ ಸಾಧ್ಯತೆ ಇರಬಹುದು, ಆದರೆ ಅದು ಭರವಸೆಯಲ್ಲ.

ಆಸೆಯೇ ದಾರಿ ತಪ್ಪಿಸಿದಾಗ

ಎರಡನೇ ಹಂತದಲ್ಲಿ ಒಂದೇ ಬಗೆಯ ಕ್ಯಾನ್ಸರ್ ಇರುವ ಹಲವು ಹತ್ತು ಜನರಿಗೆ, ಕೆಲವೊಮ್ಮೆ ಇನ್ನೂರು ಮುನ್ನೂರು ಜನರಿಗೆ, ಗೊತ್ತುಮಾಡಿದ ಡೋಸ್ ಕೊಡುತ್ತಾರೆ. ಗಡ್ಡೆ ಕುಗ್ಗಿತಾ ಅಂತ ಸ್ಕ್ಯಾನ್‌ನಲ್ಲಿ ಅಳೆಯುತ್ತಾರೆ. ಅದಕ್ಕೊಂದು ನಿಯಮವಿದೆ. ಆಯ್ದ ಗಡ್ಡೆಗಳ ಅಗಲವನ್ನು ಕೂಡಿಸಿದರೆ ಬರುವ ಮೊತ್ತ 30 ಪರ್ಸೆಂಟ್ ಇಳಿದರೆ ಔಷಧಕ್ಕೆ ಭಾಗಶಃ ಜಗ್ಗಿತು ಅಂತ ಲೆಕ್ಕ. 20 ಪರ್ಸೆಂಟ್ ಏರಿದರೆ ಕಾಯಿಲೆ ಮುಂದುವರಿಯಿತು ಅಂತ. ವೈದ್ಯರ ಕಣ್ಣಳತೆಗೆ ಬಿಟ್ಟರೆ ಆಸೆಗೆ ತಕ್ಕ ಹಾಗೆ ಕಂಡೀತು, ಅದಕ್ಕೇ ಇಷ್ಟು ಬಿಗಿ.

ಇಲ್ಲಿ ಒಳ್ಳೆ ಫಲಿತಾಂಶ ಬಂದರೆ ಸಾಲದಾ? ಮೂರನೇ ಹಂತ ಅಂತ ಸಾವಿರಾರು ಜನರನ್ನು ಸೇರಿಸಿ, ವರ್ಷಗಟ್ಟಲೆ ಕಾಯುವುದು ಏಕೆ? ಜನ ಸಾಯುತ್ತಿರುವಾಗ ಇಷ್ಟು ನಿಧಾನವಾ? ಈ ಪ್ರಶ್ನೆ ಕೇಳುವವರ ಸಂಕಟ ನಿಜ. ಅದಕ್ಕೆ ಉತ್ತರವಾಗಿ ಸ್ತನ ಕ್ಯಾನ್ಸರಿನ ಒಂದು ಘಟನೆ ಹೇಳಬೇಕು.

1980ರ ದಶಕದ ಕೊನೆಗೆ ವೈದ್ಯರ ತಲೆಯಲ್ಲಿ ಒಂದು ಯೋಚನೆ ಬಲವಾಗಿ ಕೂತಿತ್ತು. ಕೀಮೋ ಕ್ಯಾನ್ಸರನ್ನು ಕೊಲ್ಲುತ್ತದೆ. ಹಾಗಾದರೆ ಕೀಮೋ ಇನ್ನೂ ಜಾಸ್ತಿ ಕೊಟ್ಟರೆ ಕ್ಯಾನ್ಸರ್ ಇನ್ನೂ ಚೆನ್ನಾಗಿ ಸಾಯಬೇಕು. ಅಡ್ಡಿ ಏನೆಂದರೆ, ಅಷ್ಟು ಕೀಮೋ ಕೊಟ್ಟರೆ ರಕ್ತ ತಯಾರಾಗುವ ಮೂಳೆ ಮಜ್ಜೆಯೇ ನಾಶವಾಗುತ್ತದೆ. ಅದಕ್ಕೂ ಉಪಾಯ ಇತ್ತು. ಮೊದಲೇ ರೋಗಿಯ ಮಜ್ಜೆ ತೆಗೆದಿಟ್ಟು, ಭಾರೀ ಕೀಮೋ ಕೊಟ್ಟು, ಆಮೇಲೆ ಮಜ್ಜೆಯನ್ನು ವಾಪಸ್ ಹಾಕುವುದು. ಮೊದಲ ಸಣ್ಣ ಟ್ರಯಲ್‌ಗಳಲ್ಲಿ ಫಲಿತಾಂಶ ಬೆರಗಾಗುವ ಹಾಗಿತ್ತು. ಹಿಂದಿನ ರೋಗಿಗಳಿಗೆ ಹೋಲಿಸಿದರೆ ಇವರು ಎಷ್ಟೋ ಹೆಚ್ಚು ಕಾಲ ಬದುಕುತ್ತಿದ್ದರು.

ಇನ್ನು ತಡೆಯುವವರು ಯಾರು? ಅಮೆರಿಕದಲ್ಲಿ ಹೆಂಗಸರು ಈ ಚಿಕಿತ್ಸೆಗಾಗಿ ವಿಮಾ ಕಂಪನಿಗಳ ಮೇಲೆ ಕೋರ್ಟಿಗೆ ಹೋದರು, ಗೆದ್ದರು. ಸಾವಿರಾರು ಜನ ಅದನ್ನು ಮಾಡಿಸಿಕೊಂಡರು. ಹೊರಗಡೆ ಸುಲಭವಾಗಿ ಸಿಗುವಾಗ, ಅರ್ಧ ಜನಕ್ಕೆ ಮಾತ್ರ ಕೊಡುವ ಟ್ರಯಲ್‌ಗೆ ಯಾರು ಬರುತ್ತಾರೆ? ಹೋಲಿಕೆಯ ಟ್ರಯಲ್‌ಗಳು ಜನ ಸಿಗದೆ ಕುಂಟುತ್ತಾ ಸಾಗಿದವು. 1999ರಲ್ಲಿ ಅಂಥ ಐದು ಟ್ರಯಲ್‌ಗಳ ಫಲಿತಾಂಶ ಒಟ್ಟಿಗೆ ಹೊರಬಂತು. ನಾಲ್ಕರಲ್ಲಿ ಬದುಕಿನ ಆಯಸ್ಸು ಒಂದಿಷ್ಟೂ ಹೆಚ್ಚಿರಲಿಲ್ಲ. ದಕ್ಷಿಣ ಆಫ್ರಿಕಾದಿಂದ ಬಂದ ಐದನೆಯದು ಮಾತ್ರ ಲಾಭ ತೋರಿಸಿತು. ಅದನ್ನು ಪರಿಶೀಲಿಸಲು ಹೋದ ತಂಡಕ್ಕೆ ಸಿಕ್ಕಿದ್ದು ಸುಳ್ಳು ದಾಖಲೆ.

ಹಾಗಾದರೆ ಮೊದಲ ಫಲಿತಾಂಶ ಅಷ್ಟು ಚೆನ್ನಾಗಿ ಕಂಡದ್ದು ಹೇಗೆ? ಅದರಲ್ಲಿ ಯಾರ ಮೋಸವೂ ಇರಲಿಲ್ಲ. ಆ ಘೋರ ಚಿಕಿತ್ಸೆ ತಡೆದುಕೊಳ್ಳಲು ಗಟ್ಟಿಮುಟ್ಟಾಗಿರುವ, ವಯಸ್ಸು ಕಡಿಮೆ ಇರುವ ಹೆಂಗಸರನ್ನು ಆರಿಸಿದ್ದರು. ಶುರು ಮಾಡುವ ಮೊದಲು ಹೆಚ್ಚು ಸ್ಕ್ಯಾನ್ ಮಾಡಿ, ಕಾಯಿಲೆ ಎಲ್ಲೋ ಮೂಲೆಯಲ್ಲಿ ಹರಡಿರುವವರನ್ನು ಪಕ್ಕಕ್ಕೆ ಇಟ್ಟಿದ್ದರು. ಅಂದರೆ ಹೇಗಿದ್ದರೂ ಹೆಚ್ಚು ಕಾಲ ಬದುಕುತ್ತಿದ್ದವರೇ ಒಳಗೆ ಬಂದಿದ್ದರು. ಮಜ್ಜೆ ಚಿಕಿತ್ಸೆಯ ಖಾತೆಗೆ ಆ ಆಯಸ್ಸು ಜಮೆಯಾಯಿತು. ಈ ನಡುವೆ ಚಿಕಿತ್ಸೆಯಿಂದಲೇ ಕೆಲವರು ಸತ್ತರು. ಉಳಿದವರು ಇದ್ದ ಸಮಯದಲ್ಲಿ ಒಂದಷ್ಟನ್ನು ಆಸ್ಪತ್ರೆಯ ಮುಚ್ಚಿದ ಕೋಣೆಯಲ್ಲಿ ಕಳೆದರು.

ಮೂರನೇ ಹಂತದ ಟ್ರಯಲ್‌ನಲ್ಲಿ ಯಾರಿಗೆ ಹೊಸ ಚಿಕಿತ್ಸೆ, ಯಾರಿಗೆ ಹಳೆಯದು ಅಂತ ವೈದ್ಯರು ಆರಿಸದೆ ಕಂಪ್ಯೂಟರ್ ಚೀಟಿ ಎತ್ತುವ ಹಾಗೆ ಆರಿಸುವುದು ಇದಕ್ಕೇ. ವೈದ್ಯರು ಕೆಟ್ಟವರು ಅಂತಲ್ಲ. ಒಳ್ಳೆಯವರಾದ್ದರಿಂದಲೇ ಅವರ ಕೈ ವಾಲುತ್ತದೆ. ಈ ಹುಡುಗಿ ಗಟ್ಟಿಯಾಗಿದ್ದಾಳೆ, ಹೊಸದನ್ನು ತಡೆದುಕೊಳ್ಳುತ್ತಾಳೆ ಅಂತ ಅಂದುಕೊಂಡರೆ ಸಾಕು, ತಕ್ಕಡಿ ತಪ್ಪಿತು. ಚೀಟಿ ಎತ್ತಿದರೆ ಎರಡೂ ಕಡೆ ವಯಸ್ಸಾದವರು, ಎಳೆಯರು, ಹರಡಿದವರು, ಹರಡದವರು ಹೆಚ್ಚುಕಮ್ಮಿ ಸಮನಾಗಿ ಹಂಚಿಹೋಗುತ್ತಾರೆ. ಆಮೇಲೆ ಕಾಣುವ ವ್ಯತ್ಯಾಸ ಔಷಧದ್ದು ಅಂತ ಧೈರ್ಯವಾಗಿ ಹೇಳಬಹುದು.

ಇನ್ನೊಂದು ಭಯ ಇದೆ. "ನಂಗೆ ಬರೀ ಸಕ್ಕರೆ ಗುಳಿಗೆ ಕೊಟ್ಟು ಸುಮ್ಮನೆ ಕೂರಿಸಿಬಿಟ್ಟರೆ?" ಕ್ಯಾನ್ಸರಿನಲ್ಲಿ ಒಳ್ಳೆಯ ಚಿಕಿತ್ಸೆ ಈಗಾಗಲೇ ಇದ್ದರೆ ಹಾಗೆ ಮಾಡುವಂತಿಲ್ಲ. ಹೋಲಿಸುವುದು ಇವತ್ತಿನ ಅತ್ಯುತ್ತಮ ಚಿಕಿತ್ಸೆಯ ಜೊತೆಗೆ. ಕೆಲವು ಟ್ರಯಲ್‌ಗಳಲ್ಲಿ ಒಂದು ಗುಂಪಿಗೆ ಈಗಿನ ಚಿಕಿತ್ಸೆಯ ಜೊತೆ ಹೊಸ ಔಷಧ, ಇನ್ನೊಂದಕ್ಕೆ ಈಗಿನ ಚಿಕಿತ್ಸೆಯ ಜೊತೆ ಹುಸಿ ಔಷಧ ಕೊಡುತ್ತಾರೆ. ಹುಸಿ ಔಷಧ ಬಳಸುತ್ತಿದ್ದರೆ ಅದನ್ನು ಮೊದಲೇ ಹೇಳಲೇಬೇಕು.

ಟ್ರಯಲ್ ಅಂದರೆ ಹೊಸ ಔಷಧ ಸೇರಿಸುವುದು ಮಾತ್ರ ಅಲ್ಲ. ಇರುವುದನ್ನು ಕಡಿಮೆ ಮಾಡಬಹುದಾ ಅಂತ ಕೇಳುವುದೂ ಹೌದು. 19ನೇ ಶತಮಾನದ ಕೊನೆಯಿಂದ ಸ್ತನ ಕ್ಯಾನ್ಸರಿಗೆ ಇಡೀ ಸ್ತನ, ಅದರ ಹಿಂದಿನ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ಕತ್ತರಿಸಿ ತೆಗೆಯುತ್ತಿದ್ದರು. ಜಾಸ್ತಿ ಕತ್ತರಿಸಿದಷ್ಟೂ ಒಳ್ಳೆಯದು ಅಂತ ಸುಮಾರು ಎಂಬತ್ತು ವರ್ಷ ನಂಬಿದ್ದರು. ಬರ್ನಾರ್ಡ್ ಫಿಶರ್ ಎಂಬ ಸರ್ಜನ್ ಅದನ್ನು ಟ್ರಯಲ್‌ಗೆ ಒಡ್ಡಿದರು. ಸಹೋದ್ಯೋಗಿಗಳಿಂದ ಬೈಸಿಕೊಂಡೇ ಮಾಡಿದರು. 1976ರಲ್ಲಿ ಶುರುವಾದ ಟ್ರಯಲ್‌ನಲ್ಲಿ ಕೆಲವರಿಗೆ ಇಡೀ ಸ್ತನ ತೆಗೆದರು, ಕೆಲವರಿಗೆ ಗಡ್ಡೆ ಮಾತ್ರ, ಕೆಲವರಿಗೆ ಗಡ್ಡೆ ತೆಗೆದು ರೇಡಿಯೇಷನ್ ಕೊಟ್ಟರು. 20 ವರ್ಷ ಅವರ ಜೊತೆ ಸಂಪರ್ಕ ಇಟ್ಟುಕೊಂಡು, 2002ರಲ್ಲಿ ಲೆಕ್ಕ ಕೊಟ್ಟರು. ಎಷ್ಟು ಜನ ಬದುಕಿದ್ದಾರೆ ಅನ್ನುವುದರಲ್ಲಿ ಗುಂಪುಗಳ ನಡುವೆ ವ್ಯತ್ಯಾಸವೇ ಇರಲಿಲ್ಲ. ರೇಡಿಯೇಷನ್ ಕೊಟ್ಟವರಲ್ಲಿ ಅದೇ ಸ್ತನದಲ್ಲಿ ಗಡ್ಡೆ ಮರಳುವುದು ಕಡಿಮೆಯಾಗಿತ್ತು. ಇವತ್ತು ಗಡ್ಡೆ ಮಾತ್ರ ತೆಗೆಸಿಕೊಂಡು ಮನೆಗೆ ಹೋಗುವ ಪ್ರತಿಯೊಬ್ಬ ಹೆಣ್ಣುಮಗಳ ಹಿಂದೆ, ಚೀಟಿಗೆ ಒಪ್ಪಿದ ಆ ಹೆಂಗಸರಿದ್ದಾರೆ.

ಏನನ್ನು ಗೆಲುವು ಅನ್ನಬೇಕು

ಗಡ್ಡೆ ಕುಗ್ಗಿದರೆ ಆಯಸ್ಸು ಹೆಚ್ಚಿತು ಅಂತ ನಮಗೆ ತೋರುತ್ತದೆ. ಯಾವಾಗಲೂ ಹಾಗಲ್ಲ. ಬೆವಾಸಿಜುಮ್ಯಾಬ್ ಎಂಬ ಔಷಧವನ್ನು ಹರಡಿದ ಸ್ತನ ಕ್ಯಾನ್ಸರಿನಲ್ಲಿ ಕೀಮೋ ಜೊತೆ ಕೊಟ್ಟಾಗ, ಕಾಯಿಲೆ ಮುಂದುವರಿಯದೆ ನಿಂತ ಕಾಲ ಮಧ್ಯಮ ಲೆಕ್ಕದಲ್ಲಿ 5.9 ತಿಂಗಳಿಂದ 11.8 ತಿಂಗಳಿಗೆ ಏರಿತು. ಅಮೆರಿಕದ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ತ್ವರಿತ ಅನುಮತಿ ಕೊಟ್ಟಿತು. ಮುಂದಿನ ಟ್ರಯಲ್‌ಗಳಲ್ಲಿ ಆ ಲಾಭ ಕುಗ್ಗಿತು. ಒಟ್ಟು ಬದುಕಿದ ಕಾಲದಲ್ಲಿ ಹೆಚ್ಚಳ ಕಾಣಲಿಲ್ಲ. ರಕ್ತದೊತ್ತಡ, ರಕ್ತಸ್ರಾವದಂಥ ತೊಂದರೆಗಳು ಮಾತ್ರ ಇದ್ದವು. 2011ರಲ್ಲಿ ಸ್ತನ ಕ್ಯಾನ್ಸರಿಗೆ ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಂಡರು. ಅದೇ ಔಷಧ ಬೇರೆ ಕೆಲವು ಕ್ಯಾನ್ಸರ್‌ಗಳಲ್ಲಿ ಉಪಯೋಗಕ್ಕೆ ಬರುತ್ತಲೇ ಇದೆ.

ಹಾಗಾಗಿ "ಹೊಸ ಔಷಧದಿಂದ ಅಪಾಯ ಅರ್ಧಕ್ಕೆ ಇಳಿಕೆ" ಅಂತ ಓದಿದಾಗ, ಯಾವ ಅಪಾಯ ಅಂತ ಹುಡುಕಬೇಕು. ಸಾಯುವ ಅಪಾಯವೋ, ಸ್ಕ್ಯಾನ್‌ನಲ್ಲಿ ಗಡ್ಡೆ ಬೆಳೆದು ಕಾಣುವ ಅಪಾಯವೋ? ಎಷ್ಟು ತಿಂಗಳಿದ್ದದ್ದು ಎಷ್ಟಾಯಿತು? ಆ ತಿಂಗಳುಗಳು ಹೇಗಿದ್ದವು, ನಡೆದಾಡಿಕೊಂಡೋ, ಹಾಸಿಗೆಯಲ್ಲೋ? ಟ್ರಯಲ್‌ನಲ್ಲಿ ಇದ್ದವರು ಯಾರು ಅನ್ನುವುದೂ ಮುಖ್ಯ. ಕ್ಯಾನ್ಸರ್ ಹೆಚ್ಚಾಗಿ ಬರುವುದು ವಯಸ್ಸಾದವರಿಗೆ. ಟ್ರಯಲ್‌ಗಳಲ್ಲಿ ಅವರ ಪಾಲು ಇರಬೇಕಾದ್ದಕ್ಕಿಂತ ಕಡಿಮೆ. ಐವತ್ತರ ಗಟ್ಟಿ ಮನುಷ್ಯನಲ್ಲಿ ಕಂಡ ಫಲ, ಸಕ್ಕರೆ ಕಾಯಿಲೆ ಮತ್ತು ದಣಿದ ಹೃದಯ ಇರುವ ಎಂಬತ್ತರ ಅಜ್ಜಿಗೆ ಹಾಗೇ ಅನ್ವಯಿಸುತ್ತದೆ ಅಂತ ಹೇಳಲಾಗದು. ಇದು ಸಂಶೋಧಕರು ಇನ್ನೂ ಸರಿಪಡಿಸಬೇಕಾದ ಕೊರತೆ.

ಮಾರುಕಟ್ಟೆಗೆ ಬಂದ ಮೇಲೂ ನೋಡುತ್ತಲೇ ಇರುತ್ತಾರೆ. ಸಾವಿರ ಜನರಲ್ಲಿ ಕಾಣದ ಅಡ್ಡಪರಿಣಾಮ ಲಕ್ಷ ಜನರಲ್ಲಿ ಕಾಣಬಹುದು. ಅದನ್ನು ನಾಲ್ಕನೇ ಹಂತ ಅನ್ನುತ್ತಾರೆ.

ಒಪ್ಪಿಗೆ ಅನ್ನುವ ಮಾತು

1963ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಆಸ್ಪತ್ರೆಯಲ್ಲಿ 22 ಜನ ವಯಸ್ಸಾದ, ಕಾಯಿಲೆಯ ರೋಗಿಗಳಿಗೆ ಜೀವಂತ ಕ್ಯಾನ್ಸರ್ ಕೋಶಗಳನ್ನು ಚುಚ್ಚಿದರು. ದುರ್ಬಲ ದೇಹ ಅವನ್ನು ಹೇಗೆ ಹೊರಹಾಕುತ್ತದೆ ಅಂತ ನೋಡಲು. ಅದು ಕ್ಯಾನ್ಸರ್ ಕೋಶ ಅಂತ ಅವರಿಗೆ ಹೇಳಿರಲಿಲ್ಲ. ಈ ಕೆಲಸ ಮಾಡಲಾರೆವು ಅಂದ ಮೂವರು ಎಳೆಯ ವೈದ್ಯರು ಕೆಲಸ ಬಿಟ್ಟರು. ವಿಷಯ ಬಯಲಾಯಿತು. ಎರಡನೇ ಮಹಾಯುದ್ಧದ ಕಾಲದ ನಾಜಿ ಪ್ರಯೋಗಗಳ ನಂತರ 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ ಬಂದಿತ್ತು. ಮನುಷ್ಯನ ಒಪ್ಪಿಗೆ ಇಲ್ಲದೆ ಪ್ರಯೋಗ ಕೂಡದು ಅನ್ನುವುದೇ ಅದರ ಮೊದಲ ಸಾಲು. ಹಾಗಿದ್ದೂ ಇದು ನಡೆದಿತ್ತು. 1964ರಲ್ಲಿ ವೈದ್ಯರ ಜಾಗತಿಕ ಸಂಘ, ಮನುಷ್ಯರ ಮೇಲೆ ಸಂಶೋಧನೆ ಮಾಡುವಾಗ ಪಾಲಿಸಬೇಕಾದ ನೀತಿಗಳನ್ನು ಹೇಳುವ ಹೆಲ್ಸಿಂಕಿ ಘೋಷಣೆ ಹೊರಡಿಸಿತು. ಇವತ್ತಿನ ನಿಯಮಗಳು ಇಂಥ ಗಾಯಗಳಿಂದ ಹುಟ್ಟಿದವು.

ಈಗ ಯಾವುದೇ ಟ್ರಯಲ್ ಶುರುವಾಗುವ ಮೊದಲು ನೈತಿಕ ಸಮಿತಿಯ ಅನುಮತಿ ಬೇಕು. ಅದರಲ್ಲಿ ವೈದ್ಯರಲ್ಲದವರೂ ಇರಬೇಕು. ದೊಡ್ಡ ಟ್ರಯಲ್‌ಗಳಿಗೆ ಸ್ವತಂತ್ರ ಸಮಿತಿಯೊಂದು ಇರುತ್ತದೆ. ಯಾವ ಗುಂಪಿಗೆ ಏನು ಸಿಗುತ್ತಿದೆ ಅಂತ ಟ್ರಯಲ್ ನಡೆಸುವ ವೈದ್ಯರಿಗೇ ಗೊತ್ತಿಲ್ಲದಿದ್ದರೂ, ಈ ಸಮಿತಿ ನಡುನಡುವೆ ಲೆಕ್ಕ ಬಿಚ್ಚಿ ನೋಡುತ್ತದೆ. ಹೊಸ ಔಷಧ ಸ್ಪಷ್ಟವಾಗಿ ಗೆಲ್ಲುತ್ತಿದ್ದರೆ, ಅಥವಾ ಹಾನಿ ಮಾಡುತ್ತಿದ್ದರೆ, ನಿಲ್ಲಿಸಿ ಅಂತ ಹೇಳುತ್ತದೆ. ಟ್ರಯಲ್ ಶುರುವಾಗುವ ಮೊದಲೇ ಏನು ಅಳೆಯುತ್ತೇವೆ ಅಂತ ಸಾರ್ವಜನಿಕ ನೋಂದಣಿಯಲ್ಲಿ ಬರೆದಿಡಬೇಕು. ಸೋತಾಗ ಗುರಿ ಬದಲಿಸಿಕೊಂಡು ಗೆದ್ದೆವು ಅನ್ನದಿರಲಿ ಅಂತ.

ರೋಗಿಯ ಕೈಗೆ ಬರುವುದು ಹತ್ತಿಪ್ಪತ್ತು ಪುಟಗಳ ಒಪ್ಪಿಗೆ ಪತ್ರ. ಭಯದಲ್ಲಿರುವ ಮನುಷ್ಯ ಅದನ್ನು ಪೂರ್ತಿ ಓದುವುದು ಕಷ್ಟ. ದಯವಿಟ್ಟು ಮನೆಗೆ ಒಯ್ಯಿರಿ. ಒಂದು ರಾತ್ರಿ ಇಟ್ಟುಕೊಳ್ಳಿ, ಜೊತೆಗೊಬ್ಬರನ್ನು ಕೂರಿಸಿಕೊಂಡು ಓದಿ. ಇದು ಯಾವ ಹಂತ? ಟ್ರಯಲ್‌ಗೆ ಸೇರದಿದ್ದರೆ ನನಗೆ ಸಿಗುವ ಚಿಕಿತ್ಸೆ ಏನು? ಎಷ್ಟು ಸಲ ಬರಬೇಕು, ಎಷ್ಟು ಬಯಾಪ್ಸಿ? ಖರ್ಚಿನಲ್ಲಿ ಯಾವುದು ಅವರದು, ಯಾವುದು ನನ್ನದು? ತೊಂದರೆಯಾದರೆ ನೋಡಿಕೊಳ್ಳುವವರು ಯಾರು, ರಾತ್ರಿ ಎರಡು ಗಂಟೆಗೆ ಯಾವ ನಂಬರಿಗೆ ಫೋನ್ ಮಾಡಬೇಕು? ಟ್ರಯಲ್ ಮುಗಿದ ಮೇಲೆ, ಔಷಧ ಕೆಲಸ ಮಾಡುತ್ತಿದ್ದರೆ, ಅದು ಸಿಗುತ್ತಾ ಇರುತ್ತದಾ? ಇವನ್ನು ಕೇಳಲು ಸಂಕೋಚ ಬೇಡ. ಯಾವ ದಿನ ಬೇಕಾದರೂ, ಕಾರಣ ಹೇಳದೆಯೂ, ಹೊರಗೆ ಬರಬಹುದು. ಬಂದರೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಬೇಡ ಅನ್ನುವುದೂ ಪೂರ್ತಿ ಸರಿಯಾದ ಉತ್ತರ.

ಇಮಾಟಿನಿಬ್‌ಗೆ ಎಫ್‌ಡಿಎ 2001ರ ಮೇ 10ರಂದು ಅನುಮತಿ ಕೊಟ್ಟಿತು. ಆಗ ಮೂರನೇ ಹಂತದ ಟ್ರಯಲ್ ಇನ್ನೂ ನಡೆಯುತ್ತಿತ್ತು. ಅದರಲ್ಲಿ 1106 ರೋಗಿಗಳಿದ್ದರು. ಅರ್ಧ ಜನಕ್ಕೆ ಇಮಾಟಿನಿಬ್, ಅರ್ಧ ಜನಕ್ಕೆ ಆಗಿನ ಒಳ್ಳೆಯ ಚಿಕಿತ್ಸೆ. ಒಂದೂವರೆ ವರ್ಷದಲ್ಲಿ ಆ ಗಿಡ್ಡ ಕ್ರೋಮೋಸೋಮ್ ಪೂರ್ತಿ ಮರೆಯಾದವರು ಇಮಾಟಿನಿಬ್ ಗುಂಪಿನಲ್ಲಿ ಸುಮಾರು 76 ಪರ್ಸೆಂಟ್, ಇನ್ನೊಂದು ಗುಂಪಿನಲ್ಲಿ ಸುಮಾರು 15 ಪರ್ಸೆಂಟ್. ಆ ಇನ್ನೊಂದು ಗುಂಪಿನ ಬಹಳಷ್ಟು ಜನ ಆಮೇಲೆ ಇಮಾಟಿನಿಬ್‌ಗೆ ಬದಲಾದರು. ಮೊದಲಿನಿಂದ ಇಮಾಟಿನಿಬ್ ತೆಗೆದುಕೊಂಡವರಲ್ಲಿ ಸುಮಾರು 83 ಪರ್ಸೆಂಟ್ ಜನ ಹತ್ತು ವರ್ಷ ದಾಟಿದರು. ಹಿಂದೆ ಕೆಲವೇ ವರ್ಷದಲ್ಲಿ ಮುಗಿಸಿಬಿಡುತ್ತಿದ್ದ ಕಾಯಿಲೆ ಇದು.

ಗೆದ್ದ ಮೇಲೆ ಹೊಸ ಪ್ರಶ್ನೆ ಹುಟ್ಟಿತು. ಈ ಮಾತ್ರೆಯನ್ನು ಜೀವನಪೂರ್ತಿ ನುಂಗಬೇಕಾ? 2007ರಲ್ಲಿ ಫ್ರಾನ್ಸಿನ ವೈದ್ಯರು ಒಂದು ಟ್ರಯಲ್ ಶುರು ಮಾಡಿದರು. ಕಾಯಿಲೆಯ ಗುರುತು ರಕ್ತದಲ್ಲಿ ಕನಿಷ್ಠ ಎರಡು ವರ್ಷದಿಂದ ಕಾಣದಿದ್ದ 100 ಜನ, ತಮ್ಮನ್ನು ಬದುಕಿಸಿದ ಮಾತ್ರೆಯನ್ನು ನಿಲ್ಲಿಸಲು ಒಪ್ಪಿದರು. ಮತ್ತೆ ಮತ್ತೆ ರಕ್ತ ಪರೀಕ್ಷೆ. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕಾಯಿಲೆಯ ಗುರುತು ಮರಳಿತು, ಅದೂ ಹೆಚ್ಚಾಗಿ ಮೊದಲ ಆರು ತಿಂಗಳಲ್ಲೇ. ಅವರು ಮಾತ್ರೆ ಮತ್ತೆ ಶುರು ಮಾಡಿದರು, ಅದು ಮತ್ತೆ ಕೆಲಸ ಮಾಡಿತು. ಉಳಿದವರು, ನೂರರಲ್ಲಿ ನಲವತ್ತರ ಆಸುಪಾಸು, ಮಾತ್ರೆ ಇಲ್ಲದೆ ಬದುಕುತ್ತಿದ್ದರು. ಇವತ್ತು ಸಿಎಂಎಲ್ ಇರುವವರು "ಡಾಕ್ಟ್ರೇ, ಮಾತ್ರೆ ನಿಲ್ಲಿಸಬಹುದಾ?" ಅಂತ ಕೇಳಿದರೆ, ವೈದ್ಯರು ರಕ್ತದ ವರದಿ ಕೈಗೆತ್ತಿಕೊಂಡು ಲೆಕ್ಕ ಹಾಕಿ ಉತ್ತರ ಕೊಡುತ್ತಾರೆ.